ಮನೆಯಲ್ಲಿಡಬೇಕಾದ ಚಿತ್ರ ಯಾವುದು?

ಸಿನಿಮಾ ಡಿಸ್ಕುಗಳನ್ನು ಕೂಡಿಡುವ ಹವ್ಯಾಸದ ಮಿತ್ರರೊಬ್ಬರು ನನಗಿದ್ದಾರೆ. ಅವರ ನಡುಮನೆಯಲ್ಲಿ, ಹಿಂದೆ ದೇವರ ಪಟಗಳು ಸಾಲಾಗಿ ತೂಗುತ್ತಿದ್ದ ಗೋಡೆಗೆ, ಈಗ ನೆಲದಿಂದ ಸೂರಿನವರೆಗೆ ಬೀರು. ಬೀರುವಿನ ತುಂಬ ನೀಲಿ, ಕಪ್ಪು ಡಬ್ಬಿಗಳು. ಹೋದ ಭಾನುವಾರ ಕಾಫಿಗೆಂದು ಕರೆದರು. ಕಾಫಿ ಬರುವುದಕ್ಕೆ ಮೊದಲೇ ಒಂದು ಕಾಗದ ಕೈಗೆ ಬಂತು: ‘ಮನೆಯಲ್ಲಿ ಇರಲೇಬೇಕಾದ ಇಪ್ಪತ್ತೈದು ಡಿಸ್ಕುಗಳು - ಯೋಗ್ಯತೆಯ ಕ್ರಮದಲ್ಲಿ’.

“ಯಾವ ಯೋಗ್ಯತೆ, ರಾಯರೆ?” ಎಂದೆ.

“ಚಿತ್ರ ಎಷ್ಟು ಸ್ಫುಟ, ಸದ್ದು ಎಷ್ಟು ಗಟ್ಟಿ, ಇನ್ನೇನಿರುತ್ತೆ?” ಎಂದು ಮೊದಲನೆಯ ಸ್ಥಾನದ ಡಿಸ್ಕನ್ನು ಯಂತ್ರಕ್ಕೆ ತುರುಕಿದರು. ಗುಂಡು ಹಾರಿತು. ಕಿಟಕಿಯ ಗಾಜು ನಡುಗಿತು. ಒಳಗಿನಿಂದ ಅವರ ಮನೆಯವರು “ಏನು ಬಿತ್ತು?” ಎಂದು ಕೇಳಿದರು. ರಾಯರ ಮುಖದಲ್ಲಿ, ಮಗನಿಗೆ ರ‍್ಯಾಂಕು ಬಂದಾಗ ಕಾಣುವಂಥ ತೃಪ್ತಿ.

ಕಾಗದವನ್ನು ಎರಡು ಸಲ ಓದಿದೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಹದಿನೇಳನೆಯ ಸ್ಥಾನದಲ್ಲಿತ್ತು. ಪಕ್ಕದಲ್ಲಿ ಟಿಪ್ಪಣಿ: ‘ಚಿತ್ರ ಉತ್ತಮ, ಆದರೆ ಅಲ್ಲಲ್ಲಿ ಕಲೆ, ಸದ್ದು ಸಾಧಾರಣ.’ ಕನ್ನಡ ಚಿತ್ರ ಒಂದೂ ಇರಲಿಲ್ಲ. ಕೇಳಿದ್ದಕ್ಕೆ, “ನಮ್ಮದರಲ್ಲಿ ಒಳ್ಳೆ ಡಿಸ್ಕು ಎಲ್ಲಿದೆ ಸ್ವಾಮಿ?” ಎಂದರು.

ಈ ಎರಡು ಸಂಗತಿಗಳೇ ಈ ಲೇಖನಕ್ಕೆ ಕಾರಣ. ರಾಯರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಇಂಥ ಪಟ್ಟಿ ಅವರೊಬ್ಬರದೇ ಅಲ್ಲ. 1997ರಲ್ಲಿ ಅಮೆರಿಕದ ಅಂಗಡಿಗಳಿಗೆ ಡಿವಿಡಿ ಬಂದಂದಿನಿಂದ, 2006ರಲ್ಲಿ ಬ್ಲೂ-ರೇ ಬಂದಾಗಲೂ, 2016ರಲ್ಲಿ 4ಕೆ ಡಿಸ್ಕು ಬಂದಾಗಲೂ ಇಂಥ ಪಟ್ಟಿಗಳು ಹುಟ್ಟುತ್ತಲೇ ಬಂದಿವೆ. ನಾನು ಕಂಡವುಗಳಲ್ಲಿ ಬಹುಪಾಲು ಒಂದೇ ತಕ್ಕಡಿಯಲ್ಲಿ ತೂಗಿದವು. ಆ ತಕ್ಕಡಿಯೇ ತಪ್ಪು ಎಂಬುದು ನನ್ನ ವಾದ.

ಇಲ್ಲಿ ಮೂರು ಪ್ರಶ್ನೆಗಳು ಕಲಸಿಹೋಗಿವೆ. ಯಾವುದು ದೊಡ್ಡ ಚಿತ್ರ? ಯಾವ ಡಿಸ್ಕು ಚೆನ್ನಾಗಿ ಕಾಣುತ್ತದೆ? ಯಾವುದನ್ನು ದುಡ್ಡು ಕೊಟ್ಟು ಮನೆಯಲ್ಲಿಟ್ಟುಕೊಳ್ಳಬೇಕು? ಮೊದಲನೆಯದು ವಿಮರ್ಶಕನ ಪ್ರಶ್ನೆ. ಎರಡನೆಯದು ಟೆಲಿವಿಷನ್ ಮಾರುವ ಅಂಗಡಿಯವನದು. ಮೂರನೆಯದು ಮಾತ್ರ ಗೃಹಸ್ಥನದು. ಗೃಹಸ್ಥನ ಪ್ರಶ್ನೆಗೆ ಅಂಗಡಿಯವನ ಉತ್ತರ ಕೊಟ್ಟರೆ ‘ಪಥೇರ್ ಪಾಂಚಾಲಿ’ ಹದಿನೇಳನೆಯದಾಗದೆ ಇನ್ನೇನಾಗುತ್ತದೆ? ಮನೆಯಲ್ಲಿರುವ ಪುಸ್ತಕಗಳನ್ನು ನಾವು ರಟ್ಟಿನ ಹೊಳಪು ನೋಡಿ ಸಾಲುಗೂಡಿಸುವುದಿಲ್ಲ. ಅಜ್ಜನ ಕಾಲದ ಗದುಗಿನ ಭಾರತಕ್ಕೆ ರಟ್ಟೇ ಇರುವುದಿಲ್ಲ. ಆದರೂ ಅದನ್ನು ರದ್ದಿಗೆ ಹಾಕುವ ಮಗ ಮನೆಗೆ ಒಳ್ಳೆಯವನಲ್ಲವೆಂದು ಎಲ್ಲರೂ ಒಪ್ಪುತ್ತಾರೆ.

ಮೊದಲು ಈ ಹೊಳಪಿನ ವಿಚಾರವನ್ನೇ ನೋಡೋಣ. ಹಳೆಯ ಚಿತ್ರಗಳನ್ನು ತೆಗೆದದ್ದು ಫಿಲ್ಮಿನ ಮೇಲೆ. ಫಿಲ್ಮೆಂದರೆ ಬೆಳ್ಳಿಯ ಲವಣದ ಕಣಗಳನ್ನು ಲೇಪಿಸಿದ ಪಟ್ಟಿ; ಬೆಳಕು ಬಿದ್ದಾಗ ಆ ಕಣಗಳೇ ಚಿತ್ರವಾಗುತ್ತವೆ. ಆದ್ದರಿಂದ ತೆರೆಯ ಮೇಲೆ ಸಣ್ಣ ರವೆಯಂತೆ ಕುದಿಯುವ ಕಣ ಚಿತ್ರದ ಮೇಲೆ ಕೂತ ಧೂಳಲ್ಲ. ಅದೇ ಚಿತ್ರದ ದೇಹ. ಡಿಸ್ಕು ಮಾಡುವವರಲ್ಲಿ ಕೆಲವರಿಗೆ ಈ ಭೇದ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಬೇಕಿಲ್ಲ. ಗಣಕಯಂತ್ರದಿಂದ ಕಣಗಳನ್ನು ಒರೆಸಿ ಹಾಕುತ್ತಾರೆ. ಕಣದ ಜೊತೆಗೆ ಚರ್ಮದ ನೆರಿಗೆ, ಬಟ್ಟೆಯ ನೇಯ್ಗೆ, ಗಡ್ಡದ ಕೂದಲು ಎಲ್ಲವೂ ಹೋಗುತ್ತವೆ. 2010ರಲ್ಲಿ ಬಂದ ‘ಪ್ರೆಡೇಟರ್’ ಚಿತ್ರದ ಬ್ಲೂ-ರೇ ಇದಕ್ಕೆ ಕುಖ್ಯಾತ ಉದಾಹರಣೆ. ಕಾಡಿನಲ್ಲಿ ಬೆವತು ಕೊಳೆಯಾದ ಸೈನಿಕರು ಅದರಲ್ಲಿ ಮೇಣದ ಬೊಂಬೆಗಳಂತೆ ಮಿಂಚುತ್ತಾರೆ. 2024ರಲ್ಲಿ ‘ಟ್ರೂ ಲೈಸ್’ ಮತ್ತು ‘ಏಲಿಯನ್ಸ್’ ಚಿತ್ರಗಳ 4ಕೆ ಡಿಸ್ಕುಗಳು ಬಂದಾಗಲೂ ಇದೇ ದೂರು ಎದ್ದಿತು: ಯಂತ್ರ ತನಗೆ ತೋಚಿದ ಹಾಗೆ ಕಣ್ಣು ಮೂಗು ತಿದ್ದಿದೆ ಎಂದು. ಸ್ಫುಟತೆಯೊಂದನ್ನೇ ಅಳೆಯುವವನು ಇಂಥ ಡಿಸ್ಕಿಗೆ ಮೊದಲ ಬಹುಮಾನ ಕೊಟ್ಟರೆ ಆಶ್ಚರ್ಯವಿಲ್ಲ. ಅಜ್ಜಿಯ ಪಟಕ್ಕೆ ಸುಣ್ಣ ಬಳಿದು ‘ಈಗ ನೋಡಿ, ಒಂದು ಸುಕ್ಕೂ ಇಲ್ಲ’ ಎಂದಂತಾಯಿತು.

ಹಾಗಾದರೆ ದೊಡ್ಡ ಚಿತ್ರಗಳ ಪಟ್ಟಿಯನ್ನೇ ಕೊಳ್ಳುವ ಪಟ್ಟಿಯನ್ನಾಗಿ ಮಾಡಿಕೊಳ್ಳೋಣವೇ? ಅದೂ ಆಗದು. ಇಂಗ್ಲೆಂಡಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಎಣಿಸುತ್ತದೆ. 1962ರಿಂದ 2002ರವರೆಗೆ ‘ಸಿಟಿಜನ್ ಕೇನ್’ ಅಗ್ರಸ್ಥಾನದಲ್ಲಿತ್ತು; 2012ರಲ್ಲಿ ‘ವರ್ಟಿಗೋ’ ಅದನ್ನು ಕೆಳಗಿಳಿಸಿತು; 2022ರಲ್ಲಿ ಶಾಂತಾಲ್ ಆಕರ್ಮನ್ ಅವರ ‘ಜಾನ್ ಡೀಲ್ಮನ್’ ಮೇಲಕ್ಕೆ ಬಂತು. ಹತ್ತು ವರ್ಷಕ್ಕೊಮ್ಮೆ ಬೀರುವಿನ ಮೇಲಿನ ಅರೆಯನ್ನು ಕೆಳಕ್ಕಿಳಿಸುವ ಗೃಹಸ್ಥನನ್ನು ನಾನು ಕಂಡಿಲ್ಲ. ಅದಕ್ಕಿಂತ ಮುಖ್ಯವಾದ ಆಕ್ಷೇಪ ಬೇರೆ. ಪಟ್ಟಿಯಲ್ಲಿರುವುದು ಚಿತ್ರದ ಹೆಸರು. ನಾವು ಕೊಳ್ಳುವುದು ಅದರ ಒಂದು ಪ್ರತಿಯನ್ನು. ಹೆಸರು ಒಂದೇ ಇದ್ದರೂ ಪ್ರತಿ ಬೇರೆಬೇರೆ.

ಕನ್ನಡ ಓದಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರ ಗುರುತಿಸುವುದಕ್ಕೆ ನಮ್ಮ ವಿದ್ವಾಂಸರು ಆಯುಸ್ಸು ಸವೆಸಿದ್ದಾರೆ. ಲಿಪಿಕಾರ ಎಲ್ಲಿ ತಪ್ಪಿದ, ಎಲ್ಲಿ ತನ್ನದನ್ನು ಸೇರಿಸಿದ, ಯಾವುದು ಕವಿಯ ಮಾತು ಎಂದು ಹುಡುಕಿದ್ದಾರೆ. ಸಿನಿಮಾಕ್ಕೂ ಪಾಠಾಂತರಗಳಿವೆ. ಹಿಚ್‌ಕಾಕ್ ಅವರ ‘ವರ್ಟಿಗೋ’ ಚಿತ್ರವನ್ನು 1996ರಲ್ಲಿ ಜೀರ್ಣೋದ್ಧಾರ ಮಾಡಿದವರು ಹೆಜ್ಜೆಯ ಸಪ್ಪಳ, ಬಾಗಿಲ ಸದ್ದುಗಳನ್ನು ಹೊಸದಾಗಿ ಮಾಡಿ ಸೇರಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ. ‘ಸ್ಟಾರ್ ವಾರ್ಸ್’ ಚಿತ್ರವನ್ನು ಅದರ ಕರ್ತೃವೇ 1997ರಲ್ಲಿ ತಿದ್ದಿದರು. 1977ರಲ್ಲಿ ಜನ ಕಂಡ ರೂಪ 2006ರ ಡಿವಿಡಿಯಲ್ಲಿ ಒಂದು ಹೆಚ್ಚುವರಿಯಾಗಿ, ಅದೂ ಹಳೆಯ ಮಸುಕು ಪ್ರತಿಯಿಂದ, ಕಾಣಿಸಿಕೊಂಡಿತು. ಬ್ಲೂ-ರೇ ಬಂದಾಗ ಅದಿರಲಿಲ್ಲ. ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರದ 2009ರ ಬ್ಲೂ-ರೇಗೆ ನಿರ್ದೇಶಕ ಫ್ರೀಡ್‌ಕಿನ್ ಬಣ್ಣಗಳನ್ನೇ ಬದಲಾಯಿಸಿದರು. ಚಿತ್ರದ ಛಾಯಾಗ್ರಾಹಕ ಓವನ್ ರೋಯ್ಜ್‌ಮನ್ ಬಹಿರಂಗವಾಗಿ ಪ್ರತಿಭಟಿಸಿದರು. 2012ರಲ್ಲಿ ಬೇರೆ ಡಿಸ್ಕು ಬಂತು. ಹೀಗಿರುವಾಗ ‘ಮೂರನೆಯ ಸ್ಥಾನ: ಫ್ರೆಂಚ್ ಕನೆಕ್ಷನ್’ ಎಂದು ಬರೆದು ಸುಮ್ಮನಾಗುವ ಪಟ್ಟಿಯಿಂದ ಕೊಳ್ಳುವವನಿಗೆ ಏನು ತಿಳಿಯಿತು?

ಇಷ್ಟು ಹೇಳುವಾಗ ರಾಯರ ಮಗ ಒಳಗೆ ಬಂದ. “ಇಬ್ಬರೂ ಯಾವ ಕಾಲದಲ್ಲಿದ್ದೀರಿ ಅಂಕಲ್? ಎಲ್ಲಾ ಚಿತ್ರವೂ ಫೋನಿನಲ್ಲೇ ಬರುತ್ತೆ. ಡಿಸ್ಕು ಯಾಕೆ ಬೇಕು?” ಎಂದ. ಕಡೆಗಣಿಸುವ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಅಂಚೆಯ ಮೂಲಕ ಡಿಸ್ಕು ಬಾಡಿಗೆಗೆ ಕೊಟ್ಟೇ ಬೆಳೆದ ನೆಟ್‌ಫ್ಲಿಕ್ಸ್ ಆ ವ್ಯಾಪಾರವನ್ನು 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಹುಡುಗನ ಮಾತಿಗೆ ಪುರಾವೆ ಬೇಕಾದಷ್ಟಿದೆ.

ಆದರೆ ಫೋನಿನಲ್ಲಿ ಬರುವುದು ನಮ್ಮದಲ್ಲ. ತಿಂಗಳ ಹಣ ಕಟ್ಟಿ ನಾವು ಕೊಂಡದ್ದು, ಅವರು ತೋರಿಸುವಷ್ಟು ದಿನ, ಅವರು ತೋರಿಸುವ ರೂಪದಲ್ಲಿ ನೋಡುವ ಅನುಮತಿ. ಅದೇ ‘ಫ್ರೆಂಚ್ ಕನೆಕ್ಷನ್’ ಚಿತ್ರವನ್ನು 2023ರಲ್ಲಿ ಹೀಗೆ ನೋಡಿದವರಿಗೆ ಒಂದು ಸಂಭಾಷಣೆ ಮಾಯವಾಗಿರುವುದು ಕಂಡಿತು. ಜನಾಂಗ ನಿಂದನೆಯ ಮಾತಿದ್ದ ಕೆಲವು ಸೆಕೆಂಡುಗಳು. ಯಾರೂ ಮೊದಲೇ ಹೇಳಿರಲಿಲ್ಲ. ಮಾತು ಕೆಟ್ಟದ್ದೇ. ಆದರೆ ನಾಯಕ ಕೆಟ್ಟ ಮಾತಾಡುವ ಮನುಷ್ಯ ಎಂಬುದು ಚಿತ್ರದ ವಸ್ತುವಿನಲ್ಲೇ ಸೇರಿದೆ. ಹಳೆಯ ಡಿಸ್ಕು ಇದ್ದವರ ಮನೆಯಲ್ಲಿ ಅದು ಹಾಗೆಯೇ ಉಳಿಯಿತು. ನಮ್ಮ ದೇಶದಲ್ಲೇ, 2023ರ ಡಿಸೆಂಬರಿನಲ್ಲಿ ತೆರೆಕಂಡ ತಮಿಳು ಚಿತ್ರ ‘ಅನ್ನಪೂರಣಿ’, ದೂರುಗಳ ಗದ್ದಲದ ನಡುವೆ 2024ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಿಂದ ಇಳಿಯಿತು. ಚಿತ್ರ ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಮಾತು. ನಿನ್ನೆ ಇದ್ದದ್ದು ಇಂದು ಇಲ್ಲ, ಮತ್ತು ಇಲ್ಲವೆನ್ನಲು ನಮ್ಮನ್ನು ಯಾರೂ ಕೇಳಬೇಕಾಗಿಲ್ಲ ಎಂಬುದು ಇಲ್ಲಿಯ ಮಾತು.

ಡಿಸ್ಕೇನು ಚಿರಂಜೀವಿಯೇ? ಅಲ್ಲ. ಪ್ಲಾಸ್ಟಿಕ್ಕಿನ ಎರಡು ಪದರಗಳ ನಡುವೆ ಇರುವ ಲೋಹದ ತೆಳುಹಾಳೆಗೆ ಗಾಳಿ ಸೋಕಿದರೆ ಕಲೆ ಬೀಳುತ್ತದೆ. ಒಂದು ದಿನ ಚಿತ್ರ ನಡುವೆ ನಿಂತುಬಿಡುತ್ತದೆ. ಓಡಿಸುವ ಯಂತ್ರಗಳೂ ಅಂಗಡಿಗಳಲ್ಲಿ ಅಪರೂಪವಾಗಿವೆ. ಮೇಲಾಗಿ, ಲೋಕವನ್ನು ವಲಯಗಳನ್ನಾಗಿ ಹರಿದು ಹಂಚಿಕೊಂಡ ವ್ಯಾಪಾರಿಗಳು ಡಿವಿಡಿಯಲ್ಲಿ ಭಾರತವನ್ನು ಐದನೆಯ ವಲಯಕ್ಕೆ, ಬ್ಲೂ-ರೇಯಲ್ಲಿ ‘ಸಿ’ ವಲಯಕ್ಕೆ ಸೇರಿಸಿದರು. ಅಮೆರಿಕದಿಂದ ನೆಂಟರು ತಂದ ಡಿಸ್ಕು ನನ್ನ ಯಂತ್ರದಲ್ಲಿ ಓಡದೆ, ‘ವಲಯ ಸರಿಯಿಲ್ಲ’ ಎಂಬ ಅಕ್ಷರ ಮಾತ್ರ ಮೂಡಿದ ದಿನ ನನಗೆ ಆದ ಅವಮಾನ ಇನ್ನೂ ನೆನಪಿದೆ. ಇಷ್ಟೆಲ್ಲ ಇದ್ದೂ ನನ್ನ ವಾದ ನಿಲ್ಲುತ್ತದೆ. ಓಲೆಗರಿಗೂ ಗೆದ್ದಲು ಹಿಡಿಯುತ್ತಿತ್ತು. ಗೆದ್ದಲು ಹಿಡಿಯುತ್ತದೆಂದು ಪ್ರತಿ ಮಾಡದೆ ಬಿಟ್ಟಿದ್ದರೆ ನಮಗೆ ಪಂಪ ದಕ್ಕುತ್ತಿರಲಿಲ್ಲ. ಪ್ರತಿಗಳು ಹಲವು ಮನೆಗಳಲ್ಲಿದ್ದರೆ ಒಂದಾದರೂ ಉಳಿದೀತು.

ಈಗ ನನ್ನ ಪಟ್ಟಿ. ಅಳತೆಗೋಲು ಇದು: ಈ ಡಿಸ್ಕು ಇಲ್ಲದಿದ್ದರೆ ಏನು ಕಳೆದುಹೋಗುತ್ತಿತ್ತು? ಹೆಚ್ಚು ಕಳೆದುಹೋಗುತ್ತಿದ್ದದ್ದು ಮೇಲೆ, ಕಡಮೆ ಕಳೆದುಹೋಗುವುದು ಕೆಳಗೆ.

ಮೊದಲನೆಯದು, ರಾಯರ ಹದಿನೇಳನೆಯದೇ: ‘ಪಥೇರ್ ಪಾಂಚಾಲಿ’ (1955), ‘ಅಪರಾಜಿತೋ’ (1956), ‘ಅಪುರ್ ಸಂಸಾರ್’ (1959) - ಮೂರೂ ಸೇರಿದ ಕಟ್ಟು. 1992ರಲ್ಲಿ ರಾಯ್ ತೀರಿಕೊಂಡರು. ಮರುವರ್ಷ, ಜೀರ್ಣೋದ್ಧಾರಕ್ಕೆಂದು ಲಂಡನ್ನಿನ ಲ್ಯಾಬೊರೇಟರಿಯೊಂದಕ್ಕೆ ಕಳಿಸಿದ್ದ ಈ ಚಿತ್ರಗಳ ಮೂಲ ನೆಗೆಟಿವ್‌ಗಳು ಬೆಂಕಿಗೆ ಸಿಕ್ಕಿದವು. ಸುಟ್ಟು ಸುರುಟಿದ ಸುರುಳಿಗಳನ್ನು ಯಾರೋ ಪುಣ್ಯಾತ್ಮರು ಬಿಸಾಡದೆ ಅಮೆರಿಕದ ಅಕಾಡೆಮಿಯ ಭಂಡಾರದಲ್ಲಿಟ್ಟರು. ಇಪ್ಪತ್ತು ವರ್ಷದ ಮೇಲೆ ಕ್ರೈಟೀರಿಯನ್ ಸಂಸ್ಥೆ ಅವನ್ನು ಹೊರತೆಗೆಸಿತು. ಇಟಲಿಯ ಬೊಲೋನ್ಯಾ ನಗರದ ಕುಶಲಿಗಳು ಒಣಗಿ ಮುರಿಯುವಂತಿದ್ದ ಫಿಲ್ಮಿಗೆ ತೇವ ಕೊಟ್ಟು ಬಿಡಿಸಿದರು. ಅಂಚಿನ ತೂತುಗಳನ್ನು ಕೈಯಿಂದ ಹೊಸದಾಗಿ ಕಟ್ಟಿದರು. ಕರಗಿದ ಅಂಟನ್ನು ಕೆರೆದರು. ಹೀಗೆ ‘ಪಥೇರ್ ಪಾಂಚಾಲಿ’ಯಲ್ಲಿ ಸುಮಾರು ಶೇಕಡ 40 ಭಾಗ, ‘ಅಪರಾಜಿತೋ’ದಲ್ಲಿ ಶೇಕಡ 60ಕ್ಕೂ ಹೆಚ್ಚು ಭಾಗ ಮೂಲದಿಂದಲೇ ಸಿಕ್ಕಿತು. ಮಿಕ್ಕದ್ದನ್ನು ಬೇರೆಬೇರೆ ಕಡೆ ಉಳಿದಿದ್ದ ಪ್ರತಿಗಳಿಂದ ತುಂಬಿದರು. 2015ರಲ್ಲಿ ಡಿಸ್ಕು ಬಂತು. ರಾಯರು ಗುರುತುಹಾಕಿದ ‘ಅಲ್ಲಲ್ಲಿ ಕಲೆ’ ಬೆಂಕಿಯಿಂದ ಎದ್ದುಬಂದದ್ದರ ಮೈಮೇಲಿನ ಕಲೆ. ಅದಕ್ಕೆ ಅಂಕ ಕಳೆಯುವುದು ನನಗೆ ಸಾಧ್ಯವಿಲ್ಲ.

ಎರಡನೆಯದು, ಉದಯಶಂಕರರ ‘ಕಲ್ಪನಾ’ (1948). ಆ ನೃತ್ಯಗಾರ ನಿರ್ದೇಶಿಸಿದ ಒಂದೇ ಚಿತ್ರ ಇದು. ತಯಾರಾದದ್ದು ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಭಂಡಾರದಲ್ಲಿದ್ದ ಪ್ರತಿಯ ಆಧಾರದ ಮೇಲೆ ಅದು ಮತ್ತೆ ಜೀವ ಪಡೆದು 2012ರಲ್ಲಿ ಕಾನ್ ಉತ್ಸವದಲ್ಲಿ ಪ್ರದರ್ಶನಗೊಂಡಿತು. 2022ರಲ್ಲಿ ಡಿಸ್ಕಾಗಿ ಬಂತು. ಉದಯಶಂಕರರ ಕುಣಿತದ ಕೀರ್ತಿ ಕೇಳಿದ್ದೆವು. ಈಗ ಕಣ್ಣಾರೆ ನೋಡಬಹುದು.

ಮೂರನೆಯದು, ಫ್ರಿಟ್ಸ್ ಲಾಂಗ್ ಅವರ ಮೂಕಚಿತ್ರ ‘ಮೆಟ್ರೊಪೊಲಿಸ್’ (1927). ಮೊದಲ ಪ್ರದರ್ಶನದ ಮೇಲೆ ವ್ಯಾಪಾರಿಗಳು ಅದನ್ನು ಕತ್ತರಿಸಿಹಾಕಿದರು. ಕತ್ತರಿಸಿದ್ದು ಹೋಯಿತೆಂದೇ ಎಂಬತ್ತು ವರ್ಷ ಲೋಕ ನಂಬಿತ್ತು. 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಒಂದು ಮ್ಯೂಸಿಯಮ್ಮಿನಲ್ಲಿ, 16 ಮಿಲಿಮೀಟರ್ ಅಳತೆಯ ಗೀರುಬಿದ್ದ ಪ್ರತಿಯಲ್ಲಿ, ಸುಮಾರು 25 ನಿಮಿಷದಷ್ಟು ಸಿಕ್ಕಿತು. ಡಿಸ್ಕಿನಲ್ಲಿ ಆ ಭಾಗ ಬಂದಾಗಲೆಲ್ಲ ತೆರೆಯ ಮೇಲೆ ಮಳೆ ಸುರಿಯುವಂತೆ ಗೀರು. ಹೊಳಪಿನ ತಕ್ಕಡಿಯವರು ಮೂಗುಮುರಿಯುವ ಜಾಗ ಅದೇ. ನಾನು ಕೈಮುಗಿಯುವ ಜಾಗವೂ ಅದೇ.

ನಾಲ್ಕನೆಯದು, ‘ಬ್ಲೇಡ್ ರನ್ನರ್’ ಚಿತ್ರದ 2007ರ ಕಟ್ಟು. 1982ರ ಚಿತ್ರದ ಐದು ರೂಪಗಳು ಅದರಲ್ಲಿ ಒಟ್ಟಿಗೆ ಇವೆ. ತಿದ್ದುವ ಹಕ್ಕು ಕರ್ತೃವಿಗೆ ಇಲ್ಲವೆನ್ನುವುದಿಲ್ಲ. ತಿದ್ದಿದ್ದನ್ನೂ ಕೊಡಲಿ, ಮೊದಲಿನದನ್ನೂ ಕೊಡಲಿ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಸಂಪಾದಕನ ಸಭ್ಯತೆ ಅದು. ಐದನೆಯದು, ನೀವು ಹತ್ತು ಸಲ ನೋಡಿ ಹನ್ನೊಂದನೆಯ ಸಲಕ್ಕೆ ಕಾದಿರುವ ಚಿತ್ರ, ಯಾವುದಾದರೂ ಸರಿ. ರಾಯರ ಗುಂಡು ಹಾರುವ ಚಿತ್ರಕ್ಕೂ ಅಲ್ಲಿ ಜಾಗವುಂಟು.

ಇನ್ನು, “ನಮ್ಮದರಲ್ಲಿ ಒಳ್ಳೆ ಡಿಸ್ಕು ಎಲ್ಲಿದೆ?” ಎಂಬ ಮಾತು. ಅದು ನನ್ನನ್ನು ಈಗಲೂ ಚುಚ್ಚುತ್ತಿದೆ, ಏಕೆಂದರೆ ಅರ್ಧ ನಿಜ. ಹಲವು ವರ್ಷಗಳ ಹಿಂದೆ ಮೆಜೆಸ್ಟಿಕ್ಕಿನ ಒಂದು ಅಂಗಡಿಯಲ್ಲಿ ಹಳೆಯ ಕಪ್ಪು-ಬಿಳುಪು ಕನ್ನಡ ಚಿತ್ರವೊಂದರ ವಿಸಿಡಿ ಕೊಂಡೆ. ಕಂಪೆನಿಯ ಹೆಸರು ಬೇಡ. ಚಿತ್ರವನ್ನು ಎರಡು ಡಿಸ್ಕಿಗೆ ಹಂಚಿದ್ದರು. ಮೊದಲನೆಯದು ಹಾಡಿನ ನಡುವೆ, ಪಲ್ಲವಿಯ ಅರ್ಧಕ್ಕೆ, ಮುಗಿಯಿತು. ನಾಯಕಿ ಅಳುವಾಗ ಅವಳ ಕೆನ್ನೆಯ ಮೇಲೆ ಕಂಪೆನಿಯ ಮುದ್ರೆ. ಕೊನೆಯಲ್ಲಿ ನನಗೆ ಚೆನ್ನಾಗಿ ನೆನಪಿದ್ದ ಒಂದು ದೃಶ್ಯವೇ ಇರಲಿಲ್ಲ. ಡಬ್ಬಿಯ ಮೇಲೆ ಛಾಯಾಗ್ರಾಹಕನ ಹೆಸರಿಲ್ಲ, ಬಿಡುಗಡೆಯಾದ ವರ್ಷವಿಲ್ಲ. ರಾಜಕುಮಾರರ ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ಬಳಿಸಿಕೊಂಡು ಮತ್ತೆ ತೆರೆಗೆ ಬಂದವು. ಜನ ಸಂಭ್ರಮದಿಂದ ನೋಡಿದರು. ಸಂಭ್ರಮಕ್ಕೆ ನನ್ನ ಅಡ್ಡಿಯಿಲ್ಲ. ಕಪ್ಪು-ಬಿಳುಪಿನ ಮೂಲವೂ ಅಷ್ಟೇ ಮರ್ಯಾದೆಯಿಂದ ಜನಕ್ಕೆ ಸಿಗಬೇಕು ಎಂದಷ್ಟೇ ನನ್ನ ಹಟ.

ಮರ್ಯಾದೆ ತಪ್ಪಿದರೆ ಏನಾಗುತ್ತದೆಂಬುದನ್ನು ನಾವು ಆಗಲೇ ನೋಡಿದ್ದೇವೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬಾ ಸುಲೋಚನೆ, ನಾಗೇಂದ್ರರಾಯರು ರಾವಣ. ನಮ್ಮಜ್ಜಿ ಅದನ್ನು ನೋಡಿದ್ದರು. ರಾವಣನ ಗತ್ತನ್ನು ಮುದುಕಿಯಾದ ಮೇಲೂ ಅಭಿನಯಿಸಿ ತೋರಿಸುತ್ತಿದ್ದರು. ನಮಗೆ ಸಿಕ್ಕುವುದು ಅಷ್ಟೇ. ಚಿತ್ರದ ಪ್ರತಿ ಉಳಿದಿಲ್ಲ. ಪೊನ್ನನ ‘ಭುವನೈಕ ರಾಮಾಭ್ಯುದಯ’ ಕಳೆದುಹೋಯಿತೆಂದು ಪಾಠ ಹೇಳುವಾಗ ನಮ್ಮ ಮೇಷ್ಟರು ನಿಟ್ಟುಸಿರು ಬಿಡುತ್ತಿದ್ದರು. ಅದು ಹೋದದ್ದು ಸಾವಿರ ವರ್ಷದ ಅವಧಿಯಲ್ಲಿ. ‘ಸತಿ ಸುಲೋಚನಾ’ ಹೋಗಲು ಒಂದು ಆಯುಸ್ಸು ಸಾಕಾಯಿತು.

ಕಾಪಾಡಿದರೆ ಏನಾಗುತ್ತದೆಂಬುದಕ್ಕೂ ನಮ್ಮಲ್ಲೇ ಸಾಕ್ಷಿಯುಂಟು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರದ ಮೂಲ ನೆಗೆಟಿವ್ ಪುಣೆಯ ಭಂಡಾರದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮುಂತಾದವರ ಪ್ರಯತ್ನದಿಂದ ಅದು ಜೀರ್ಣೋದ್ಧಾರವಾಗಿ 2024ರಲ್ಲಿ ವೆನಿಸ್ ಉತ್ಸವದ ಪ್ರಾಚೀನ ಕೃತಿಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಮಲೆನಾಡಿನ ಆ ಅಗ್ರಹಾರ ಇಟಲಿಯವರಿಗೆ ಹೊಸದಾಗಿ ಕಂಡಿತು. ನಮ್ಮ ಮನೆಗಳಲ್ಲೂ ಕಾಣಬೇಡವೇ? ಚಿತ್ರಗಳ ಹಕ್ಕುಳ್ಳ ಮಹನೀಯರಲ್ಲಿ ನನ್ನ ಬೇಡಿಕೆ ಸಣ್ಣದು: ಪೂರ್ತಿ ಚಿತ್ರ, ಮೂಲದ ಆಕಾರದಲ್ಲಿ, ಮುಖದ ಮೇಲೆ ಮುದ್ರೆ ಒತ್ತದೆ ಕೊಡಿ, ಯಾವ ಪ್ರತಿಯಿಂದ ತೆಗೆದದ್ದೆಂದು ಡಬ್ಬಿಯ ಮೇಲೆ ಬರೆಯಿರಿ. ಸಾವಿರ ಜನ ಕೊಳ್ಳುತ್ತಾರೆಂಬ ಭರವಸೆ ನಾನು ಕೊಡಲಾರೆ. ಕೊಳ್ಳುವ ಮೊದಲನೆಯವನು ನಾನಾಗುತ್ತೇನೆಂಬ ಭರವಸೆ ಕೊಡಬಲ್ಲೆ.

ಇದನ್ನೆಲ್ಲ ರಾಯರ ಮುಂದೆ ಹೇಳಿ ಮುಗಿಸುವಾಗ ಕಾಫಿ ಆರಿತ್ತು. “ನಿಮ್ಮ ಪಟ್ಟಿಯ ಚಿತ್ರ ಹಾಕಿದರೆ ಬಂದ ನೆಂಟರು ಎದ್ದು ಹೋಗ್ತಾರೆ” ಎಂದರು. “ಒಬ್ಬರಾದರೂ ಕೂತಿರುತ್ತಾರೆ, ಹಾಕಿ ನೋಡಿ” ಎಂದೆ. ಬೀರುವಿನ ಕೆಳಗಿನ ಅರೆಯಲ್ಲಿ ಹುಡುಕಿ ‘ಪಥೇರ್ ಪಾಂಚಾಲಿ’ಯನ್ನು ತೆಗೆದರು. ಸದ್ದು ಕೇಳಿಸುವುದಿಲ್ಲವೆಂದು ಫ್ಯಾನು ನಿಲ್ಲಿಸಿದರು. ದುರ್ಗಾ ಮತ್ತು ಅಪು ಬಿಳಿಯ ಕಾಶದ ಹೂಗಳ ನಡುವೆ ರೈಲು ನೋಡಲು ಓಡುವ ಹೊತ್ತಿಗೆ ಅವರ ಮನೆಯವರು ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಿದ್ದರು. ಮಗ ಫೋನನ್ನು ಜೇಬಿಗೆ ಹಾಕಿದ್ದ. ರಾಯರ ಪಟ್ಟಿ ಇನ್ನೂ ನನ್ನ ಬಳಿಯೇ ಇದೆ. ತಿದ್ದಿ ಕಳಿಸಿ ಎಂದಿದ್ದಾರೆ.